ಹೆಪ್ಪು

ಅಂದಾನಗೌಡರ ತೋಟದಾಗ, ಏಳನೇ ಸಾಲಿನ
ಹನ್ನೊಂದನೇ ಗಿಡಕ್ಕ
ಶಾವಿಗಿ ಬಂದಿತ್ತು.

ನಗಬ್ಯಾಡ್ರಿ. ಶಾವಿಗೀನ.
ತೊಗಟಿಯಿಂದ ಹೊರಗ ಇಣುಕಿದ ಬೆಳ್ಳನ್ನ ಎಳಿ,
ಬೆರಳು ತಾಗಿದರ ಪುಡಿ.
ಅದರ ಹಿಂದ ಒಂದು ತೂತು,
ದಬ್ಬಣದಿಂದ ಅಳತಿ ಹಿಡದು ಚುಚ್ಚಿದಂಗ.

ಹನ್ನೆರಡು ವರ್ಷ ದಾಳಿಂಬರಿಗೆ ಚಾಟ್ನಿ ಮಾಡಿದಾಕಿ ನಾನು.
ಗಿಡ ಕೆಮ್ಮಿದರ ಮನಿತನಕ ಕೇಳತೈತಿ ಅಂತ
ಸಂತಿಯೊಳಗ ಹೇಳಿಕೊಂಡು ತಿರಗಿದಾಕಿ.
ಇದು ಕೇಳಿರಲಿಲ್ಲ.

ಕುಷ್ಟಗಿಯಿಂದ ಬಂದ ಹುಡುಗಿ, ರುದ್ರಾಂಬಿಕಾ,
ಟೊಂಗಿ ಸೀಳಿ ನನ್ನ ಕೈಯಾಗ ಭೂತಗನ್ನಡಿ ಇಟ್ಟಳು.
ಒಳಗ ಓಣಿ. ಓಣಿಗೆ ಅಡ್ಡ ಓಣಿ.
ಗ್ವಾಡಿಗೆಲ್ಲ ಮಸಿ ಬಳದಂಗ ಕಪ್ಪು.
ನಡುವ ಕರಿಎಳ್ಳಿನಷ್ಟು ಒಂದು ಜೀವ,
ಬೆಳಕು ಬಿದ್ದದ್ದಕ್ಕ ಬ್ಯಾಸರಾಗಿ ಹಿಂದ ಸರೀತು.

"ಇದು ಕಟಗಿ ತಿನ್ನೂದಿಲ್ಲ ಅಕ್ಕಾ."
ಮತ್ತೇನು ಮಾಡತೈತಿ?
"ಒಕ್ಕಲುತನ."

ಬಾಯಿ ಹತ್ರ ಒಂದು ಸಣ್ಣ ಸಂಚಿ ಅಂತ,
ಸಂಚಿಯೊಳಗ ಬೂಷ್ಟಿನ ಬೀಜ.
ಕೊರದಲ್ಲೆಲ್ಲ ಬಿತ್ತತೈತಿ, ಕಸ ಹೊರಗ ನೂಕತೈತಿ,
ಬೆಳೆದ ಬೂಷ್ಟು ತಾನೂ ತಿಂದು ಮಕ್ಕಳಿಗೂ ಉಣಸತೈತಿ.
ಗಂಡಿಗೆ ಹಾರಾಕ ಬರೂದಿಲ್ಲ,
ಹುಟ್ಟಿದ ಓಣಿಯಾಗ ಅದರ ಬಾಳೆ, ಅಲ್ಲೇ ಮಣ್ಣು.
ಹೊರಗ ಹೊಂಡೂದು ಹೆಣ್ಣಮಕ್ಕಳು.
ಹೊಂಡೂ ಮುಂದ ಅವ್ವನ ಹೊಲದಿಂದ
ಒಂದು ಚಿಟಿಕಿ ಬಾಯಾಗ ಇಟಗೊಂಡು.

ನಾನು ಸುಮ್ಮನಾದೆ.
ತಾವರಗೇರಿಯಿಂದ ಈ ಊರಿಗೆ ನಡಿಯಾಕ ಬಂದ ದಿನ
ಉಡಿಯಾಗ ಅಕ್ಕಿ, ಕೊಬ್ಬರಿ, ಐದು ಉತ್ತತ್ತಿ;
ಮ್ಯಾಲ ಒಂದು ಸ್ಟೀಲಿನ ಡಬ್ಬಿಯಾಗ ಅವ್ವ ಕೊಟ್ಟ ಹೆಪ್ಪು.
ಬಸ್ಸಿನಾಗ ಅರ್ಧ ಚೆಲ್ಲಿ ಹೊಸ ಸೀರಿಗೆ ಹುಳಿವಾಸನಿ.
ಉಳಿದ ಅರ್ಧದ ಮೊಮ್ಮಗಳ ಮೊಮ್ಮಗಳು
ನಿನ್ನೆ ರಾತ್ರಿಯೂ ನಮ್ಮ ಗಡಿಗ್ಯಾಗ ಗಟ್ಟಿ ಕುಂತಿತ್ತು.
ಎಳ್ಳಿನಷ್ಟು ಹುಳದ ಮುಂದ ನನಗ
ಬೀಗತಿಯ ಮುಂದ ನಿಂತಷ್ಟು ನಾಚಿಕಿ ಬಂತು.

ಹುಳ ಬೂಷ್ಟಿಗೆ ಊರು ತೋರಸತೈತಿ,
ಬೂಷ್ಟು ಹುಳಕ್ಕ ಉಣ್ಣಾಕ ನೀಡತೈತಿ.
ಯಾರಿಗೂ ಯಾರ ಮ್ಯಾಲೂ ಸಿಟ್ಟಿಲ್ಲ.
ಗಿಡದ ನೀರಿನ ಹಾದಿ ಮಾತ್ರ ಕಟ್ಟತೈತಿ.
ಬುಡಕ್ಕ ಡ್ರಿಪ್ಪು ಟಪ್ ಟಪ್ ಅಂತಿರತೈತಿ,
ತುದಿಯಾಗ ಎಲಿ ಹಳದಿ,
ಹಣ್ಣು ಉದುರೂದನ್ನೂ ಮರತು
ಟೊಂಗಿ ಮ್ಯಾಲ ತೊಗಲಾಗಿ ಜೋತು ಬಿದ್ದಾವ.

"ಎಲ್ಲಿಂದ ಬಂದಿರಬೇಕು?" ಹುಡುಗಿ ವಹಿ ತೆಗೆದಳು.
"ಗಾಳಿಗೆ" ಅಂದೆ.
ಬರಕೊಂಡಳು.

ಹ್ವಾದ ವರ್ಷ ಆಚಿ ತೋಟದಾಗ ಕಡದ ಟೊಂಗಿ
ಅಲ್ಲೇ ಸುಡ್ರಿ ಅಂದಿದ್ರು.
ದಾಳಿಂಬರಿ ಕಟಗಿಯ ಕೆಂಡ
ಮುಂಜಾನಿತನಕ ಆರೂದಿಲ್ಲ, ಗೊತ್ತಿದ್ದವರಿಗೆ ಗೊತ್ತು.
ಸುಡಾಕ ಮನಸಾಗಲಿಲ್ಲ.
ನಾಕು ಹೊರಿ ಕಟ್ಟಿದೆ. ಉಳಿದ ಚಿಲಗಟಗಿ
ಉಡಿಯಾಗ ತುಂಬಿಕೊಂಡೆ.
ನಮ್ಮ ಹಿತ್ತಲ ಬೇಲಿಗೆ ಒಟ್ಟಿದೆ.
ಬೇಲಿಯಾಚಿ ಏಳನೇ ಸಾಲು.

ಅವತ್ತ ರಾತ್ರಿ ಒಟ್ಟಿಗೆಲ್ಲ ಬೆಂಕಿ ಇಟ್ಟೆ.
ಅಂವ ಎದ್ದು ಬಂದು, ಬ್ಯಾಸಗಿ ಸೆಕಿಯೊಳಗ
ಯಾರಿಗೆ ಕಾಸಾಕ ಹತ್ತೀ ಅಂತ ಕೇಳಿದ.
ಚಳಿ ಅಂದೆ.
ಟೊಂಗಿ ಚಟ್ ಚಟ್ ಅಂದಾಗೊಮ್ಮೆ
ಎಷ್ಟು ಮನಿ ಅಂತ ಎಣಸಾಕ ಹತ್ತಿ, ನಡುವ ಬಿಟ್ಟೆ.

ಮರುದಿನ ಉರಮಂಜಿ ಕಲಸಿ, ಔಷಧ ಬೆರಸಿ
ಬುಡದಿಂದ ಎರಡು ಮೊಳ ಬಳದೆ, ಗಿಡದಿಂದ ಗಿಡಕ್ಕ.
ಸಂಜಿಗೆ ಮುನ್ನೂರು ಗಿಡ ಕೆಂಪು.
ಹನ್ನೊಂದನೇದರ ಜಾಗದಾಗ ಕುಣಿ.

ಕೈ ತೊಳದು ಒಳಗ ಬಂದರ
ಬಾಗಲದಾಗ ಓಣಿಯ ಫಕೀರವ್ವ,
ಸೊಸಿ ಹಾಲು ಒಡಿಸಿದಳಂತ, ಕೈಯಾಗ ಬಟ್ಟಲ.
"ಒಂದೀಟು ಹೆಪ್ಪು ಕೊಡವಾ."

ಚಮಚ ಗಡಿಗ್ಯಾಗ ಇಳಿಸಿದೆ.
ಬೆರಳಸಂದ್ಯಾಗ ಉರಮಂಜಿ ಇನ್ನೂ ಇತ್ತು.
"ಯಾಕ ನಿಂತಿ?" ಅಂದ್ಲು.
ಏನಿಲ್ಲ ಅಂತ
ತುಸು ಹೆಚ್ಚೇ ಹಾಕಿದೆ.